ನಂಜನಗೂಡಿಗೆ ಅರ್ಧ ಗಂಟೆ ಸಾಲದು

ಉದಕಮಂಡಲ, ಗೂಡಲೂರು, ಮಸಿನಗುಡಿ ಕಡೆಯ ಶಾಲಾ ಪ್ರವಾಸವೆಂದರೆ ಮೈಸೂರು ಎಂಬುದು ರೂಢಿಯೇ ಆಗಿದೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಹೊತ್ತು ಮಿಕ್ಕರೆ ಕನ್ನಂಬಾಡಿ. ದಾರಿಯಲ್ಲಿಯೇ ಇರುವ ನಂಜನಗೂಡಿಗೆ ದಕ್ಕುವುದು ಅರ್ಧ ಗಂಟೆ ಮಾತ್ರ. ಕೈ ಮುಗಿದು, ವಿಭೂತಿ ಹಚ್ಚಿ, ಸಿಕ್ಕರೆ ಒಂದು ಚಿಪ್ಪು ರಸಬಾಳೆ ಕೊಂಡು ಬಸ್ಸು ಹತ್ತಿದರೆ ‘ದಕ್ಷಿಣ ಕಾಶಿ’ಯನ್ನು ನೋಡಿದಂತಾಯಿತು! ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಶ್ರೀಕಂಠೇಶ್ವರನ ಗುಡಿಯಲ್ಲಿ ಕಲಿಯುವುದು ಬಹಳವಿದೆ. ನಂಜನ್ನು ಉಂಡವನು ನಂಜುಂಡ. ಪೇಟೆಯಲ್ಲಿ ತಮಿಳು ಕೇಳಿ ಬೆಳೆದ ಮಗುವಿಗೂ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯೂ ನಂಜು ನಂಜೇ. ಒಳಗೆ ಸಾಲಾಗಿ ನಿಂತಿರುವ ಅರವತ್ತಮೂವರು ಪುರಾತನರು ಯಾರು? ತಮಿಳುನಾಡಿನ ನಾಯನ್ಮಾರರು. ಸೇಕ್ಕಿಳಾರ್ 12ನೆಯ ಶತಮಾನದಲ್ಲಿ ‘ಪೆರಿಯಪುರಾಣ’ದಲ್ಲಿ ಹೇಳಿದ ಈ ಶರಣರ ಕಥೆಗಳನ್ನು ನಮ್ಮ ಹರಿಹರ ಕವಿ ರಗಳೆಗಳಲ್ಲಿ ಹಾಡಿದ್ದಾನೆ. ಅವರಲ್ಲೊಬ್ಬನಾದ ಕಣ್ಣಪ್ಪನ ಪಾತ್ರದಿಂದಲೇ 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜಕುಮಾರ್ ನಾಯಕನಟರಾದರು. ಅವರ ಊರಾದ ಗಾಜನೂರು ಇರುವುದೂ ತಮಿಳುನಾಡಿನಲ್ಲಿಯೇ, ತಾಳವಾಡಿಯ ಬಳಿ! “ಈ ಸೀಮೆಯಲ್ಲಿ ಕನ್ನಡ ಓದಿ ಏನಾಗಬೇಕು?” ಎಂದು ಕೇಳುವ ತಂದೆತಾಯಂದಿರೂ ಮಕ್ಕಳೊಡನೆ ಆ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನಮ್ಮ ಕೋರಿಕೆ.

ಬೇರೆ ಮತದ ಮಕ್ಕಳಿಗೆ ಗುಡಿಯಲ್ಲೇನು ಕೆಲಸವೆಂದು ಕೇಳುವವರಿದ್ದಾರೆ. ಆನೆಯ ಕಣ್ಣಿನ ಬೇನೆ ಇಲ್ಲಿ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಪ್ರತೀತಿಯಿದೆ. ಪೂಜೆ ಬೇಡವೆನ್ನುವವರನ್ನು ಒತ್ತಾಯಿಸುವುದು ಬೇಡ. ಅವರು ಹೊರಗೆ ನಿಂತು ಗೋಪುರವನ್ನೇ ನೋಡಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು 1849ರಲ್ಲಿ ಕಟ್ಟಿಸಿದ ಏಳು ಅಂತಸ್ತಿನ ಗೋಪುರವದು. ಎತ್ತರ ಸುಮಾರು 120 ಅಡಿ. ನೆರಳನ್ನಳೆದು ಎತ್ತರ ಕಂಡುಹಿಡಿಯುವ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡುವ ಬದಲು ಅಲ್ಲಿಯೇ ಮಾಡಬಾರದೇಕೆ?

ಕಪಿಲೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಮಿಂದು, ಉಟ್ಟ ಬಟ್ಟೆಯನ್ನು ಹೊಳೆಯಲ್ಲಿ ಬಿಟ್ಟರೆ ಪಾಪ ಕಳೆಯುವುದೆಂದು ನಂಬಿರುವ ಹಿರಿಯರು ಬಹಳ. ಆ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ತಮಿಳುನಾಡಿಗೇ ಹರಿದು ಬರುತ್ತದೆ. ನಮ್ಮ ಮೋಯಾರ್ ಹೊಳೆಯ ನೀರೂ ಭವಾನಿಯ ಮೂಲಕ ಅದೇ ಕಾವೇರಿಗೆ ಸೇರುತ್ತದೆ. “ಅಜ್ಜಿ, ಸೀರೆಯನ್ನು ಮನೆಗೆ ತೆಗೆದುಕೊಂಡು ಹೋಗೋಣ” ಎಂದು ಹೇಳುವ ಧೈರ್ಯ ಮೊಮ್ಮಕ್ಕಳಿಗೆ ಬರಲಿ. ನಂಜು ಕುಡಿದವನ ಊರಿನ ಹೊಳೆಗೇ ಭಕ್ತರು ನಂಜು ಬೆರೆಸುವುದು ಯಾವ ಪುಣ್ಯ?

ಇನ್ನುಳಿದದ್ದು ಹೊತ್ತಿನ ಪ್ರಶ್ನೆ. ಬಂಡೀಪುರದ ಕಾಡಿನ ರಸ್ತೆಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ, ಹಿಂದಿರುಗುವಾಗ ಎಲ್ಲರಿಗೂ ಗೇಟಿನದೇ ಚಿಂತೆ. ಆದ್ದರಿಂದ ನಂಜನಗೂಡಿನಲ್ಲಿ ಹೋಗುವಾಗಲೇ ಇಳಿಯಬೇಕು. ಮುಂಜಾನೆಯೇ ಕಾಡು ದಾಟಿ, ಗುಂಡ್ಲುಪೇಟೆಯಲ್ಲಿ ತಿಂಡಿ ಮುಗಿಸಿ ಹೊರಟರೆ ಬಿಸಿಲೇರುವ ಮೊದಲೇ ಗುಡಿಯಲ್ಲಿರಬಹುದು. ಅಲ್ಲಿಂದ ಮೈಸೂರು ಸುಮಾರು 25 ಕಿಲೋಮೀಟರ್ ಅಷ್ಟೆ. ಮೃಗಾಲಯಕ್ಕೆ ಹೊತ್ತು ಕಡಿಮೆಯಾಯಿತೆಂದು ಮಕ್ಕಳು ಮುಖ ಸಣ್ಣದು ಮಾಡಬಹುದು. ಆನೆ, ಕಾಟಿ, ಜಿಂಕೆಗಳನ್ನು ಅವರು ಬೆಳಿಗ್ಗೆ ಮುದುಮಲೆಯಲ್ಲಿಯೇ ಬಸ್ಸಿನ ಕಿಟಕಿಯಿಂದ ನೋಡಿ ಬಂದಿರುತ್ತಾರೆ.