ಲೈಸೆನ್ಸ್ ಬಿಲ್ ಕಟ್ಟಿದ್ರೆ ಅಪ್‌ಗ್ರೇಡ್ ಮುಗೀತಾ?

ಬಿಕಾಂ ಲೆಕ್ಕ – ಭಾಗ 7 👉 ಕೊನೆವರೆಗೂ ಓದಿ, ಆಮೇಲೆ ಜಗಳಕ್ಕೆ ಬನ್ನಿ

1/5
ಕಾಲೇಜು ಮುಗಿಸಿ ನಾನು ಒಂದು ಆರ್ಕಿಟೆಕ್ಟ್ ಆಫೀಸಲ್ಲಿ ಟ್ಯಾಲಿ ಎಂಟ್ರಿ ಮಾಡ್ತೀನಿ, ನಿಮಗೆ ಗೊತ್ತು. ಆ ಆಫೀಸು ಆಟೋಕ್ಯಾಡ್ 2008ರಿಂದ ಸೀದಾ 2024ಕ್ಕೆ ಹೋಯ್ತು. ಸೋಮವಾರ ಇನ್‌ಸ್ಟಾಲ್, ಮಂಗಳವಾರದಿಂದ ಎಲ್ಲರೂ ಹೊಸದರಲ್ಲೇ ಕೆಲಸ. ಬುಧವಾರದೊಳಗೆ ನಮ್ಮ ಹಿರಿಯ ಡ್ರಾಫ್ಟ್ಸ್‌ಮನ್ ಅಂಕಲ್‌ಗೆ "ಅಪ್‌ಡೇಟ್ ಆಗದ ಪೀಸು" ಅಂತ ಹೆಸರು ಬಿತ್ತು. ನಾನೂ ನಕ್ಕಿದ್ದೆ. ಅದು ತಪ್ಪು ಅಂತ ಹೇಳೋಕೇ ಇದನ್ನ ಬರೀತಿದ್ದೀನಿ.

2/5
ಅಪ್‌ಗ್ರೇಡ್ ಬೇಡ ಅಂತ ನಾನು ಹೇಳ್ತಿಲ್ಲ. ಹಳೇ ಸಿಸ್ಟಮ್‌ಗಳಲ್ಲಿದ್ದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿದೆ. ಸ್ಟ್ರಕ್ಚರಲ್ ಇಂಜಿನಿಯರ್ ಕಳಿಸೋ ಫೈಲ್ 2018ರ ಫಾರ್ಮ್ಯಾಟ್‌ನದು, ನಮ್ಮ 2008ರಲ್ಲಿ ಓಪನ್ನೇ ಆಗಲ್ಲ. "ಸಾರ್, ಹಳೇ ಫಾರ್ಮ್ಯಾಟ್‌ನಲ್ಲಿ ಕಳಿಸಿ" ಅಂತ ಪ್ರತಿ ಸಲ ಕೇಳಬೇಕಿತ್ತು. ಬದಲಾಗಲೇಬೇಕಿತ್ತು, ಸರಿ. ನನ್ನ ತಕರಾರು ಬದಲಾದ ರೀತಿಯ ಮೇಲೆ.

3/5
ಅಂಕಲ್ ಕೈ ಯಾಕೆ ನಿಧಾನ ಆಯ್ತು? ಅವರು ಇಷ್ಟು ವರ್ಷ ಕಣ್ಣುಮುಚ್ಚಿ ಒತ್ತುತ್ತಿದ್ದ ಟೂಲ್‌ಬಾರ್‌ಗಳ ಜಾಗಕ್ಕೆ ರಿಬ್ಬನ್ ಬಂದಿದೆ. ಹಳೇ ಕ್ಲಾಸಿಕ್ ನೋಟವನ್ನ 2015ರ ವರ್ಷನ್‌ನಲ್ಲೇ ತೆಗೆದುಹಾಕಿದ್ದಾರೆ. ಅವರು ಬರೆದಿಟ್ಟಿದ್ದ ಲಿಸ್ಪ್‌ಗಳಿದ್ದವು, ಅಂದ್ರೆ ಹತ್ತು ಹೆಜ್ಜೆ ಕೆಲಸವನ್ನ ಎರಡಕ್ಷರ ಟೈಪ್ ಮಾಡಿ ಮುಗಿಸೋ ಪುಟ್ಟ ಪ್ರೋಗ್ರಾಂಗಳು. ಹೊಸ ವರ್ಷನ್ ನಂಬಿಕೆಯ ಫೋಲ್ಡರ್ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಎಚ್ಚರಿಕೆ ತೋರಿಸುತ್ತೆ. ಯಾರೋ "ಲೋಡ್ ಬೇಡ" ಒತ್ತಿಬಿಟ್ರು. ಪ್ರಿಂಟ್‌ನಲ್ಲಿ ಗೆರೆಗಳ ದಪ್ಪ ಹೇಳೋ ಸಿಟಿಬಿ ಫೈಲನ್ನ ಹಳೇ ಸಿಸ್ಟಮ್‌ನಿಂದ ಯಾರೂ ತರಲಿಲ್ಲ. ಗೋಡೆ ಗೆರೆಯೂ ಡೈಮೆನ್ಷನ್ ಗೆರೆಯೂ ಒಂದೇ ದಪ್ಪ ಬಂತು. ಬೈಸಿಕೊಂಡವರು ಮಾತ್ರ ಅಂಕಲ್.

4/5
ಈಗ ನಮ್ಮ ಸಬ್ಜೆಕ್ಟ್‌ಗೆ ಬನ್ನಿ. ಹಳೇ ಲೈಸೆನ್ಸ್ ಒಮ್ಮೆ ಕೊಂಡ ಆಸ್ತಿ. ಆಟೋಡೆಸ್ಕ್ 2016ರಿಂದ ಆಟೋಕ್ಯಾಡ್‌ಗೆ ಹೊಸ ಶಾಶ್ವತ ಲೈಸೆನ್ಸ್ ಮಾರ್ತಿಲ್ಲ. ಈಗ ಚಂದಾ ಕಟ್ಟಬೇಕು, ಅದು ವರ್ಷಾವರ್ಷ ಬರೋ ಖರ್ಚು. ಈ ಅಪ್‌ಗ್ರೇಡ್‌ನ ಕಾಸ್ಟ್ ಶೀಟ್ ಟೈಪ್ ಮಾಡಿದ್ದೇ ನಾನು. ಚಂದಾ, ಹೊಸ ಸಿಸ್ಟಮ್, ಜಿಎಸ್‌ಟಿ, ಎಲ್ಲಾ ಹಾಕಿದ್ದೆ. ಕಲಿಯೋಕೆ ಬೇಕಾದ ಸಮಯಕ್ಕೆ ಒಂದು ಸಾಲೂ ಇರಲಿಲ್ಲ. ಸಾರ್ ಕೇಳಲಿಲ್ಲ, ನನಗೂ ಹೊಳೀಲಿಲ್ಲ.

ಶೀಟ್‌ನಲ್ಲಿ ಇಲ್ಲ ಅಂದ್ರೆ ಆ ಖರ್ಚು ಇಲ್ಲ ಅಂತ ಅಲ್ಲ. ಅಂಕಲ್ ಎರಡು ವಾರ ರಾತ್ರಿ ಒಂಬತ್ತರವರೆಗೂ ಕೂತು ಯೂಟ್ಯೂಬ್ ನೋಡಿ ಕಲಿತ್ರು. ಓಟಿ ಸೊನ್ನೆ. ಆಫೀಸಿನ ಖರ್ಚನ್ನ ಅವರ ಕುಟುಂಬ ಕಟ್ಟಿತು. ಇದನ್ನ ಉಳಿತಾಯ ಅಂತೀರಾ?

5/5
ಮಾಡಬಹುದಿತ್ತು, ಕಷ್ಟ ಏನಿರಲಿಲ್ಲ. ನಡೀತಿರೋ ಪ್ರಾಜೆಕ್ಟ್ ಹಳೇದರಲ್ಲೇ ಮುಗಿಸಿ, ಹೊಸದು ಬಂದಾಗ ಹೊಸ ವರ್ಷನ್‌ನಲ್ಲಿ ಶುರು ಮಾಡೋದು. ಲಿಸ್ಪ್, ಸಿಟಿಬಿ, ಫಾಂಟ್ ಮೊದಲೇ ಪಟ್ಟಿ ಮಾಡಿ ತರೋದು. ಹಳೇ ವರ್ಷನ್ ಇರೋ ಕಾಂಟ್ರಾಕ್ಟರ್‌ಗೆ ಫೈಲ್ ಯಾವ ಫಾರ್ಮ್ಯಾಟ್‌ನಲ್ಲಿ ಸೇವ್ ಆಗಬೇಕು ಅಂತ ಸೆಟ್ ಮಾಡೋದು. ಎರಡು ವಾರ ಕೆಲಸದ ಹೊತ್ತಲ್ಲೇ, ಸಂಬಳದ ಜೊತೆ ಕಲಿಯೋಕೆ ಬಿಡೋದು. ಈ ಪಟ್ಟಿ ಯಾರು ಕೊಟ್ಟಿದ್ದು ಗೊತ್ತಾ? ಅಂಕಲ್ಲೇ. ಮೊದಲೇ ಯಾರೂ ಅವರನ್ನ ಕೇಳಿರಲಿಲ್ಲ.

ನಾಳೆ ನೀವೂ ಎಲ್ಲೋ ಅಕೌಂಟ್ಸ್‌ನಲ್ಲಿ ಕೂರ್ತೀರಿ, ಇಂಥದ್ದೇ ಶೀಟ್ ಮಾಡ್ತೀರಿ. ಆ ಒಂದು ಸಾಲು ಸೇರಿಸಿ. ಬಾಸ್ ಹೊಡೆದುಹಾಕಿದ್ರೂ ಪರವಾಗಿಲ್ಲ, ಯಾವುದನ್ನ ಹೊಡೆದುಹಾಕಿದ್ರು ಅಂತ ಅವರಿಗೆ ಗೊತ್ತಿರ್ಲಿ.

ನಿಮ್ಮ ಮನೇಲೂ ಹೀಗೆ "ಸ್ಲೋ" ಅನ್ನಿಸಿಕೊಂಡವರು ಇದ್ದಾರಾ? ಕಾಮೆಂಟಲ್ಲಿ ಬರೀರಿ 👇

#ಬಿಕಾಂಲೆಕ್ಕ #ಆಟೋಕ್ಯಾಡ್ #ಕನ್ನಡದಲ್ಲಿಕಾಮರ್ಸ್