ಇಳಿಜಾರಿನಲ್ಲಿ ಉಳಿಸಿದ ಡೀಸೆಲ್

ಕಾತ್ರಜದ ಹೊಸ ಸುರಂಗವನ್ನು ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಹೆದ್ದಾರಿಯನ್ನು ಪುಣೆಯ ವಾಚಕರಿಗೆ ಪರಿಚಯಿಸಬೇಕಾಗಿಲ್ಲ. 2022ರ ನವೆಂಬರ್ 20ರ ರಾತ್ರಿ ಹತೋಟಿ ತಪ್ಪಿದ ಒಂದೇ ಲಾರಿಯು ಅಲ್ಲಿ ಸುಮಾರು 48 ವಾಹನಗಳನ್ನು ಜಖಂಗೊಳಿಸಿತು. 2025ರ ನವೆಂಬರ್ 13ರಂದು ಅದೇ ಇಳಿಜಾರಿನಲ್ಲಿ ಮತ್ತೊಂದು ಲಾರಿ ಹಲವು ವಾಹನಗಳಿಗೆ ಅಪ್ಪಳಿಸಿ, ಬೆಂಕಿಯೆದ್ದು, ಜೀವಗಳೇ ಹೋದವು. ಮೊದಲನೆಯ ಅಪಘಾತದಲ್ಲಿ ಬ್ರೇಕು ಕೆಟ್ಟಿತೆಂಬ ಮಾತು ಹುಟ್ಟಿತ್ತು. ಇಂಜಿನನ್ನು ನಿಲ್ಲಿಸಿ ಲಾರಿಯನ್ನು ಇಳಿಸಿದ್ದೇ ಕಾರಣವೆಂದು ತನಿಖೆ ನಡೆಸಿದವರು ಅನಂತರ ಹೇಳಿದರು.

ಭಾರದ ಲಾರಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದು ಬ್ರೇಕು ಮಾತ್ರವಲ್ಲ, ಗೇರಿನಲ್ಲಿರುವ ಇಂಜಿನ್ನೂ ಹೌದು. ನ್ಯೂಟ್ರಲಿಗೆ ತಂದೊಡನೆ ಇಡೀ ಭಾರವು ಬ್ರೇಕಿನ ಮೇಲೆ ಬಿದ್ದು, ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಂಜಿನನ್ನೇ ನಿಲ್ಲಿಸಿದರೆ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವ ಯಂತ್ರವೂ ನಿಲ್ಲುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ. ಇಷ್ಟು ಚಾಲಕನಿಗೆ ತಿಳಿಯದೆ? ಚೆನ್ನಾಗಿ ತಿಳಿದಿದೆ. ತಿಳಿದೂ ಏಕೆ ಹೀಗೆ ಮಾಡುತ್ತಾನೆಂಬುದೇ ಪ್ರಶ್ನೆ.

ಅನೇಕ ಮಾಲೀಕರು ಒಂದು ಖೇಪಿಗೆ ಇಷ್ಟೇ ಡೀಸೆಲ್ ಎಂದು ಗೊತ್ತುಮಾಡುತ್ತಾರೆ. ಹೆಚ್ಚಾದರೆ ಚಾಲಕನ ಕೈಯಿಂದ, ಉಳಿದರೆ ಅವನ ಜೇಬಿಗೆ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಎಣ್ಣೆಯ ಡಬ್ಬವನ್ನು ಲೆಕ್ಕ ಹಾಕಿಯೇ ಕೊಡುತ್ತಿದ್ದೆವು. ಆ ವಿಷಯದಲ್ಲಿ ನಾವು ಉದಾರಿಗಳಾಗಿರಲಿಲ್ಲ. ಆದರೆ ಉಳಿದ ಎಣ್ಣೆಯ ಹಣ ನಿಮಗೇ ಎಂದು ಭಟ್ಟರಿಗೆ ಹೇಳಿದ್ದರೆ ನಮ್ಮ ವಡೆಗಳು ಎಷ್ಟು ಬೇಯುತ್ತಿದ್ದವೋ! ಅಲ್ಲಿ ಗಿರಾಕಿ ತಟ್ಟೆಯನ್ನು ಹಿಂದಕ್ಕೆ ಕಳಿಸುತ್ತಾನೆ. ಇಲ್ಲಿ ಹಿಂದಕ್ಕೆ ಕಳಿಸುವ ಅವಕಾಶವಿಲ್ಲ.

ಈ ದಾರಿಯಲ್ಲಿ ಬರುವವರಲ್ಲಿ ನಮ್ಮವರು ಕಡಿಮೆಯಲ್ಲ. ಪುಣೆಯ ಎರಕದ ಕಾರಖಾನೆಗಳಿಗೆ ಕೊಪ್ಪಳ-ಹೊಸಪೇಟೆಯ ಕಡೆಯಿಂದ ಬೀಡು ಕಬ್ಬಿಣ ಬರುತ್ತದೆ. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರೆಯ ಮಾರ್ಗವಾಗಿ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ತುಂಬಿದ ಲಾರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ನಡೆದರೂ ಹನ್ನೆರಡು ಗಂಟೆಗಿಂತ ಕಡಿಮೆಯಲ್ಲಿ ಮುಗಿಯದು. ಖಂಬಾಟಕಿ ಘಾಟನ್ನು ದಾಟಿ ಕಾತ್ರಜದ ಇಳಿಜಾರಿಗೆ ಬರುವ ಹೊತ್ತಿಗೆ, ಒಬ್ಬನೇ ಚಾಲಕನಾದರೆ, ಅವನ ಕಣ್ಣು ಯಾವ ಸ್ಥಿತಿಯಲ್ಲಿದ್ದೀತು?

ಕಾಯಿದೆ ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ದೂರದ ಓಟಕ್ಕೆ ಹೆಚ್ಚೆಂದರೆ ಹತ್ತು ಗಂಟೆ ಎಂದು ಮಿತಿ ಹಾಕಿತ್ತು. ಆದರೆ ಐವರಿಗಿಂತ ಕಡಿಮೆ ಕೆಲಸಗಾರರಿದ್ದಲ್ಲಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯು ಆ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಸಾರಿಗೆ ಉದ್ಯಮದಲ್ಲಿ ಅದರ ಲೆಕ್ಕ ಆರಂಭವಾಗುವುದು ಹತ್ತು ಮಂದಿ ಇರುವಲ್ಲಿಂದ. ಒಂದೆರಡು ಲಾರಿಗಳ ಮಾಲೀಕನ ಚಾಲಕ ಹಿಂದೆಯೂ ಹೊರಗಿದ್ದ, ಈಗ ಇನ್ನಷ್ಟು ಹೊರಗಾದ. ಇದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. 2025ರ ಅಕ್ಟೋಬರಿನಿಂದ ತಯಾರಾಗುವ ಭಾರದ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಯಿತು, ಸಂತೋಷ. ತಂಪಾದ ಕ್ಯಾಬಿನ್ನಿನಲ್ಲಿಯೂ ಹದಿನಾಲ್ಕನೆಯ ಗಂಟೆ ಹದಿನಾಲ್ಕನೆಯ ಗಂಟೆಯೇ.

ಇಷ್ಟಾಗಿ ಭೋಸರಿಯಲ್ಲೋ ಚಾಕಣದಲ್ಲೋ ಗೇಟಿಗೆ ಬಂದವನಿಗೆ ಸಿಗುವುದೇನು? ಮಾಲು ಇಳಿಯುವವರೆಗೆ ಸರದಿ. ಸರದಿಯಲ್ಲಿ ಲಾರಿಯನ್ನು ಮುಂದೆ ಮುಂದೆ ಸರಿಸುತ್ತಿರಬೇಕು, ನಿದ್ದೆ ಮಾಡುವಂತಿಲ್ಲ. ಆ ಹೊತ್ತು ವಿಶ್ರಾಂತಿಯೆಂದು ಬರೆಯಲ್ಪಡುತ್ತದೆ. ಮಾಲು ಇಳಿದ ಕೂಡಲೇ ಮರುಖೇಪು.

ತಪ್ಪು ಮಾಡಿದ ಚಾಲಕನನ್ನು ಬಿಟ್ಟುಬಿಡಿರೆಂದು ನಾವು ವಾದಿಸುತ್ತಿಲ್ಲ. ಸತ್ತವರ ಮನೆಯವರ ಎದುರು ಆ ಮಾತನ್ನು ಆಡಲಾಗದು. ಆದರೆ ತನಿಖೆಯು ಅವನ ಲೈಸೆನ್ಸಿನಲ್ಲಿಯೇ ನಿಲ್ಲಬಾರದು. ಡೀಸೆಲಿನ ಕರಾರು ಏನಿತ್ತು, ಎಷ್ಟು ಗಂಟೆಗೆ ಹೊರಟಿದ್ದ, ಹಿಂದಿನ ರಾತ್ರಿ ಎಲ್ಲಿ ಮಲಗಿದ್ದ ಎಂಬುದನ್ನು ಮಾಲೀಕನಿಂದಲೂ ಮಾಲು ತರಿಸಿದ ಕಾರಖಾನೆಯಿಂದಲೂ ಕೇಳತಕ್ಕದ್ದು.

ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ, ಕಾರಖಾನೆಯ ಗೇಟುಗಳಲ್ಲಿ ಲೆಕ್ಕ ಬರೆಯುವ ಕನ್ನಡಿಗ ಗುಮಾಸ್ತರಲ್ಲಿ ನಮ್ಮ ಒಂದು ವಿನಂತಿಯಿದೆ. ಲಾರಿ ಬಂದ ಹೊತ್ತು, ಮಾಲು ಇಳಿದ ಹೊತ್ತು ಇವನ್ನು ಇದ್ದುದು ಇದ್ದಂತೆ ಬರೆಯಿರಿ. ನಾಳೆ ಕೋರ್ಟಿನಲ್ಲಿ ಆ ಚಾಲಕನ ಪರವಾಗಿ ಮಾತನಾಡಲು ನಿಮ್ಮ ಆ ಪುಸ್ತಕವನ್ನು ಬಿಟ್ಟರೆ ಬೇರೆ ಸಾಕ್ಷಿ ಇರದೆ ಹೋಗಬಹುದು.