ಪೂರ್ವಪಕ್ಷವಿಲ್ಲದ ಪ್ರಬಂಧ

ಇಂಗ್ಲಿಷ್ ಪರೀಕ್ಷೆಯ ಅಭಿಪ್ರಾಯ ಪ್ರಬಂಧಕ್ಕೆ ಬಳ್ಳಾರಿ ಸೀಮೆಯ ವಿದ್ಯಾರ್ಥಿಗಳು ಗೈಡಿನ ವಾಕ್ಯಗಳನ್ನು ಉರುಹೊಡೆಯುವುದುಂಟು. ದುರ್ಬಲರು ಅದರಿಂದಲಾದರೂ ಉತ್ತೀರ್ಣರಾಗುವರೆಂಬ ಅಧ್ಯಾಪಕರ ವಾದದಲ್ಲಿ ತಥ್ಯವಿದೆ. ಆದರೆ ಪ್ರಶ್ನೆ ತುಸು ಬದಲಾದರೆ ಅವರ ಲೇಖನಿ ನಿಂತುಬಿಡುವುದು.

ಪೂರ್ವಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಿದ ಬಳಿಕವೇ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಗ್ರಂಥಗಳ ಕ್ರಮ. ಪರೀಕ್ಷೆ ಬೇಡುವುದೂ ಅದನ್ನೇ. ತುಂಗಭದ್ರೆಯ ಕಾಲುವೆಯನ್ನೇ ವಿಷಯವಾಗಿ ಕೊಡಬಹುದು. ಕಾಲುವೆಯ ನೀರಿನಿಂದ ಸಿರುಗುಪ್ಪ ಭತ್ತದ ಸೀಮೆಯಾಯಿತು, ಇದೊಂದು ಪಕ್ಷ. ನೀರು ಮಿತಿಮೀರಿದೆಡೆ ಕಪ್ಪು ನೆಲಕ್ಕೆ ಸವಳು ಹಿಡಿಯುವುದು, ಕಾಲುವೆಯ ಕೊನೆಯಂಚಿನ ರೈತ ನೀರಿಗಾಗಿ ಕಾಯುವನು, ಇದಿನ್ನೊಂದು. ಕುರುಗೋಡಿನ ಬಾಲಕ ಇವೆರಡನ್ನೂ ಕಂಡು ಬಲ್ಲನು. ಎರಡನ್ನೂ ತೂಗಿ, ಕೊನೆಗೆ ತನ್ನ ನಿಲುವನ್ನು ಕಾರಣಸಹಿತ ಹೇಳಲಿ; ನಿಲುವಿಲ್ಲದ ಬರಹ ಸಮತೂಕದ್ದಾಗದು.

ಈ ಅಭ್ಯಾಸ ಕನ್ನಡ ತರಗತಿಯಲ್ಲೇ ಆರಂಭವಾಗಬೇಕು. ವಿಚಾರ ತಿಳಿಯಾದವನಿಗೆ ಸರಳ ಇಂಗ್ಲಿಷೇ ಸಾಕು.